ಮಂಗಳವಾರ ಸಂಜೆ ಎಲ್ಲಿಗೆ ಹೋಗುತ್ತೀಯ?

ಪುಟ್ಟಿ,

ಮೂರು ಊರಿಂದ ಆಫರ್ ಬಂದಿದೆ, ಸಂಬಳ ಹೆಚ್ಚುಕಡಿಮೆ ಒಂದೇ, ಸಿಯಾಟಲ್, ಡೆನ್ವರ್, ಮಿನಿಯಾಪೊಲಿಸ್ ಇವುಗಳಲ್ಲಿ ಬೆಟ್ಟ, ಕಾಡು, ನೀರು ಎಲ್ಲಿ ಜಾಸ್ತಿ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳೋಣ ಅಂದರೆ ಅಪ್ಪ ಮಧ್ಯೆ ಬಾಯಿ ಹಾಕಿ ಮನೆ ಬಾಡಿಗೆ, ಕಾರ್ ಇನ್ಶೂರೆನ್ಸ್ ಅಂತ ಶುರು ಮಾಡುತ್ತಾರೆ. ಅದಕ್ಕೆ ಕೂತು ಬರೆಯುತ್ತಿದ್ದೇನೆ. ಕೆಲಸಕ್ಕೆ ಸೇರುವ ಮೊದಲೇ ಆಫೀಸಿನ ಹೊರಗೆ ಏನಿದೆ ಅಂತ ವಿಚಾರಿಸುತ್ತಿದ್ದೀಯಲ್ಲ, ಅದು ನನಗೆ ತುಂಬಾ ಖುಷಿ ಕೊಟ್ಟಿತು.

ಮೊದಲು ನೀನು ಕಳಿಸಿದ ಫೋಟೋಗಳ ವಿಷಯ. ಸಿಯಾಟಲ್ ಕಟ್ಟಡಗಳ ಬೆನ್ನಿಗೇ ರೇನಿಯರ್ ಪರ್ವತ, ಡೆನ್ವರ್ ಕಟ್ಟಡಗಳ ಬೆನ್ನಿಗೇ ರಾಕೀಸ್. ಎರಡೂ ದೂರ ನಿಂತು ಜೂಮ್ ಲೆನ್ಸಿನಲ್ಲಿ ತೆಗೆದ ಫೋಟೋ, ಅದಕ್ಕೇ ಬೆಟ್ಟ ಪಕ್ಕದ ಬೀದಿಯಲ್ಲಿರುವ ಹಾಗೆ ಕಾಣುತ್ತದೆ. 14,410 ಅಡಿಯ ರೇನಿಯರ್ ಇರುವುದು ಊರಿಂದ ಸುಮಾರು 60 ಮೈಲಿ ಆಚೆ, ಕಾರಿನಲ್ಲಿ ಎರಡು ಗಂಟೆ ಮೇಲೆಯೇ ಬೇಕು. ಡೆನ್ವರ್ ಊರೇ ಬಯಲಿನಲ್ಲಿದೆ, ಬೆಟ್ಟದ ಬುಡ ಮುಟ್ಟಬೇಕಾದರೂ ಊರು ದಾಟಿ ಪಶ್ಚಿಮಕ್ಕೆ ಹೋಗಬೇಕು. ಕಾಣುವ ಬೆಟ್ಟ ಬೇರೆ, ಹತ್ತುವ ಬೆಟ್ಟ ಬೇರೆ. ನಾನು ಕೇಳುವುದು ಒಂದೇ ಪ್ರಶ್ನೆ. ಮಂಗಳವಾರ ಸಂಜೆ ಐದೂವರೆಗೆ ಕೆಲಸ ಮುಗಿಯಿತು, ಕಾರಿಲ್ಲ, ತಲೆ ಕೆಟ್ಟಿದೆ, ಆಗ ಎಲ್ಲಿಗೆ ಹೋಗಿ ಎಂಟು ಗಂಟೆಯೊಳಗೆ ಮನೆಗೆ ವಾಪಸ್ ಬರಬಹುದು? ಶನಿವಾರ ಯಾವ ಊರಲ್ಲಿದ್ದರೂ ಎಲ್ಲಾದರೂ ಹೋಗಬಹುದು, ಆದರೆ ನೀನು ಬದುಕುವುದು ಮಿಕ್ಕ ಐದು ದಿನ.

ಡೆನ್ವರ್ ನಿನ್ನ ಪಟ್ಟಿಯಲ್ಲಿ ಮೊದಲಿದೆ, ನನ್ನ ಪಟ್ಟಿಯಲ್ಲಿ ಕೊನೆಗಿದೆ. ಬಿಸಿಲು ಚೆನ್ನಾಗಿದೆ, ಗಾಳಿ ಒಣಗಿದ್ದು, ಚಳಿಗಾಲದಲ್ಲೂ ಸ್ವೆಟರ್ ಬಿಚ್ಚಿ ಕೂರುವಂಥ ಮಧ್ಯಾಹ್ನಗಳು ಸಿಗುತ್ತವೆ. ಊರೊಳಗೆ ಚೆರ್ರಿ ಕ್ರೀಕ್ ಪಕ್ಕ ಸೈಕಲ್ ದಾರಿ ಇದೆ, ವಾಷಿಂಗ್ಟನ್ ಪಾರ್ಕ್ ಇದೆ, ಇಲ್ಲ ಅನ್ನಲಾರೆ. ಆದರೆ ಅಲ್ಲಿಗೆ ಹೋಗುವವರೆಲ್ಲ ಹೋಗುವುದು ಬೆಟ್ಟಕ್ಕೋಸ್ಕರ, ಎಲ್ಲರೂ ಶನಿವಾರ ಬೆಳಿಗ್ಗೆ ಒಂದೇ ಐ-70 ಹೈವೇ ಹಿಡಿಯುತ್ತಾರೆ, ಭಾನುವಾರ ಮಧ್ಯಾಹ್ನ ಎಲ್ಲರೂ ಅದೇ ರಸ್ತೆಯಲ್ಲಿ ವಾಪಸ್ ಬರುತ್ತಾರೆ. ಸ್ಕೀ ಸೀಸನ್ನಿನಲ್ಲಿ 11,000 ಅಡಿ ಎತ್ತರದಲ್ಲಿರುವ ಐಸೆನ್‌ಹೋವರ್ ಸುರಂಗದ ಮುಂದೆ ಬ್ರೇಕ್ ಲೈಟ್ ನೋಡುತ್ತಾ ಕೂರುವುದೇ ಒಂದು ಕೆಲಸ. ರಾಕಿ ಮೌಂಟೇನ್ ನ್ಯಾಷನಲ್ ಪಾರ್ಕಿಗೂ ಇತ್ತೀಚಿನ ವರ್ಷಗಳಲ್ಲಿ ಬೇಸಿಗೆಗೆ ಟೈಮ್ ಸ್ಲಾಟ್ ಬುಕ್ ಮಾಡಿಕೊಂಡೇ ಹೋಗಬೇಕಾಗಿ ಬಂದಿದೆ. ಟ್ರೇಲ್ ರಿಡ್ಜ್ ರೋಡ್ ಅಂತ ಅಲ್ಲೊಂದು ರಸ್ತೆ, 12,183 ಅಡಿವರೆಗೆ ಹತ್ತುತ್ತದೆ, ಮರಗಳೆಲ್ಲ ಕೆಳಗೇ ನಿಂತು ಮೇಲೆ ಬರೀ ಹುಲ್ಲು, ಕಲ್ಲು, ಗಾಳಿ. ಅದನ್ನು ನೋಡದೆ ಇರಬೇಡ, ಎಲ್ಲಿ ಕೆಲಸ ಮಾಡಿದರೂ ರಜೆ ಹಾಕಿ ಹೋಗು. ಆದರೆ ಅಕ್ಟೋಬರ್ ಮಧ್ಯದಿಂದ ಮೇ ಕೊನೆಯವರೆಗೆ ಹಿಮ ಬಿದ್ದು ಆ ರಸ್ತೆಯೇ ಮುಚ್ಚಿರುತ್ತದೆ. ಇನ್ನೊಂದು ವಿಷಯ, ಬೇಸಿಗೆಯಲ್ಲಿ ಮಧ್ಯಾಹ್ನ ಆದ ಕೂಡಲೇ ಗುಡುಗು ಸಿಡಿಲು ಶುರುವಾಗುತ್ತದೆ, ಹನ್ನೆರಡರೊಳಗೆ ತುದಿಯಿಂದ ಇಳಿದಿರಬೇಕು ಅನ್ನುವುದು ಅಲ್ಲಿಯವರ ಲೆಕ್ಕ. ಅಂದರೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೊರಡಬೇಕು. ನೀನು ಶನಿವಾರ ಹತ್ತು ಗಂಟೆಗೆ ಮುಂಚೆ ಏಳುವವಳಲ್ಲ ಅಂತ ನನಗೆ ಚೆನ್ನಾಗಿ ಗೊತ್ತು.

ಆಫೀಸು ಡೆನ್ವರ್ ಬಿಟ್ಟು ಬೌಲ್ಡರ್ ಕಡೆ ಇದ್ದಿದ್ದರೆ ಮಾತೇ ಬೇರೆ. ಬೌಲ್ಡರ್ ಜನ 1967ರಲ್ಲೇ ಮತ ಹಾಕಿ, ತಮ್ಮ ಮೇಲೆ ತಾವೇ ಸೇಲ್ಸ್ ಟ್ಯಾಕ್ಸ್ ಹಾಕಿಕೊಂಡು, ಊರ ಸುತ್ತ ಜಮೀನು ಕೊಂಡು ಖಾಲಿ ಬಿಟ್ಟರು. ಅದಕ್ಕೇ ಇವತ್ತಿಗೂ ಫ್ಲಾಟ್‌ಐರನ್ಸ್ ಬಂಡೆಗಳ ಬುಡದವರೆಗೂ ಮನೆಯಿಂದ ನಡೆದೇ ಹೋಗಬಹುದು. ಮಂಗಳವಾರದ ಪರೀಕ್ಷೆಯಲ್ಲಿ ಬೌಲ್ಡರ್ ಪಾಸ್. ನಿನ್ನ ಆಫರ್ ಅಲ್ಲಿಂದ ಬಂದಿಲ್ಲವಲ್ಲ, ಏನು ಮಾಡೋದು.

ಮಿನಿಯಾಪೊಲಿಸ್ ಹೆಸರು ಬರೆದು ಮುಂದೆ "ಬೋರ್?" ಅಂತ ಹಾಕಿದ್ದೀಯ. ಅದು ತಪ್ಪು ಕಣೇ. ಬೆಟ್ಟ ಇಲ್ಲ, ಒಪ್ಪುತ್ತೇನೆ. ಆದರೆ ಊರ ಮಧ್ಯೆ ಸಾಲಾಗಿ ಕೆರೆಗಳಿವೆ, ಹ್ಯಾರಿಯೆಟ್, ಬ್ದೇ ಮಕಾ ಸ್ಕಾ, ಲೇಕ್ ಆಫ್ ದಿ ಐಲ್ಸ್, ಸೀಡರ್. ಒಂದರಿಂದ ಒಂದಕ್ಕೆ ನಡೆದುಕೊಂಡೇ ಹೋಗಬಹುದು, ಕೆಲವಕ್ಕೆ ದೋಣಿಯಲ್ಲೇ ಹೋಗಬಹುದು. ಮುಖ್ಯ ಏನೆಂದರೆ ಇಲ್ಲಿ ಕೆರೆದಂಡೆ ಯಾರಪ್ಪನ ಆಸ್ತಿಯೂ ಅಲ್ಲ. ಬೇರೆ ಎಷ್ಟೋ ಊರುಗಳಲ್ಲಿ ದಂಡೆಯುದ್ದಕ್ಕೂ ಶ್ರೀಮಂತರ ಮನೆ, ನೀರು ನೋಡಬೇಕಾದರೆ ಬೇಲಿ ಸಂದಿಯಲ್ಲಿ ಇಣುಕಬೇಕು. ಇಲ್ಲಿ 1883ರಲ್ಲೇ ಪಾರ್ಕಿಗಾಗಿಯೇ ಬೇರೆ ಬೋರ್ಡ್ ಮಾಡಿದರು, ಇವತ್ತಿಗೂ ಅದರ ಸದಸ್ಯರನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ದಂಡೆಗಳನ್ನು ಸಾರ್ವಜನಿಕರಿಗೇ ಇಟ್ಟು, ಸುಮಾರು 50 ಮೈಲಿ ಉದ್ದಕ್ಕೆ ಕೆರೆ, ಹೊಳೆ, ಮಿಸಿಸಿಪ್ಪಿ ದಂಡೆ ಎಲ್ಲ ಸೇರಿಸಿ ಊರ ಸುತ್ತ ದಾರಿ ಮಾಡಿದ್ದಾರೆ. 53 ಅಡಿಯ ಮಿನೆಹಾಹಾ ಜಲಪಾತ ಊರೊಳಗೇ ಇದೆ, ಲೈಟ್ ರೈಲು ಇಳಿದು ನಡೆದರೆ ಸಿಗುತ್ತದೆ.

ಚಳಿ? ಇದೆ, ಮುಚ್ಚಿಡುವುದಿಲ್ಲ. ಜನವರಿ ರಾತ್ರಿ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಸೆಲ್ಸಿಯಸ್ ಕೆಳಗೆ ಹೋಗುವುದು ಅಲ್ಲಿ ಮಾಮೂಲಿ. ಆದರೆ ಆ ಊರಿನವರು ಚಳಿಗೆ ಬಾಗಿಲು ಹಾಕಿಕೊಂಡು ಕೂರುವುದಿಲ್ಲ. ಥಿಯೋಡರ್ ವಿರ್ತ್ ಪಾರ್ಕಿನಲ್ಲಿ ಸ್ಕೀ ದಾರಿಗೆ ದೀಪ ಹಾಕಿದ್ದಾರೆ, ಹಿಮ ಸಾಲದಿದ್ದರೆ ಮೆಷಿನ್ನಿನಲ್ಲಿ ಹಿಮ ಮಾಡುತ್ತಾರೆ, 2024ರ ಫೆಬ್ರವರಿಯಲ್ಲಿ ಅಲ್ಲೇ ಸ್ಕೀ ವರ್ಲ್ಡ್ ಕಪ್ ಸ್ಪರ್ಧೆಯೂ ಆಯಿತು. ಸಂಜೆ ಆರಕ್ಕೆ ಕತ್ತಲಲ್ಲಿ ಸ್ಕೂಲ್ ಮಕ್ಕಳು, ಆಫೀಸಿನವರು, ನನಗಿಂತ ವಯಸ್ಸಾದವರು ಎಲ್ಲ ದೀಪದ ಕೆಳಗೆ ಸರ್ರ್ ಅಂತ ಜಾರಿಕೊಂಡು ಹೋಗುತ್ತಿರುತ್ತಾರೆ. ಚಳಿಗಾಲದ ಮಂಗಳವಾರಕ್ಕೆ ಈ ಮೂರರಲ್ಲಿ ಮಿನಿಯಾಪೊಲಿಸ್ಸೇ ಗೆಲ್ಲುತ್ತದೆ. ಬೇಸಿಗೆಯಲ್ಲಿ ಸೊಳ್ಳೆ ಮಾತ್ರ ವಿಪರೀತ.

ನಮ್ಮ ಷಿಕಾಗೋ ಬಗ್ಗೆಯೂ ಎರಡು ಮಾತು ಹೇಳಲೇಬೇಕು, ನೀನು ಇಲ್ಲೇ ಹುಟ್ಟಿ ಬೆಳೆದು "ಗುಡ್ಡಾನೇ ಇಲ್ಲ ಈ ಊರಲ್ಲಿ" ಅನ್ನುತ್ತೀಯ. 1836ರಲ್ಲೇ ಇಲ್ಲಿನ ಸರೋವರದ ಪಕ್ಕದ ಜಾಗದ ಮೇಲೆ, ಇದು ಸಾರ್ವಜನಿಕರದ್ದು, ಇಲ್ಲಿ ಎಂದೂ ಕಟ್ಟಡ ಕಟ್ಟಬಾರದು ಅಂತ ನಕ್ಷೆಯಲ್ಲಿ ಬರೆದಿಟ್ಟರು. ಆಮೇಲೆ ಅಲ್ಲಿ ಕಟ್ಟಡ ಎಬ್ಬಿಸಲು ಹೊರಟಾಗ ಮಾಂಟ್‌ಗಮರಿ ವಾರ್ಡ್ ಅನ್ನುವ ವ್ಯಾಪಾರಿ 1890ರಿಂದ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದು ತಡೆದ. ಇವತ್ತು 18 ಮೈಲಿ ಸರೋವರದ ಪಕ್ಕ ಬಿಟ್ಟಿಯಾಗಿ ನಡೆಯುತ್ತೇವೆ ಅಂದರೆ ಅದರ ಹಿಂದೆ ಇಂಥವರಿದ್ದಾರೆ. ಜನವರಿಯಲ್ಲಿ ಮಾಂಟ್ರೋಸ್ ಬೀಚ್ ಹತ್ತಿರ ಹೋಗಿ ನೋಡಿದ್ದೀಯಲ್ಲ, ದಡದ ಹತ್ತಿರ ನೀರು ಪೂರ್ತಿ ಗಟ್ಟಿಯಾಗುವ ಮುಂಚೆ ಸೆಟ್ ದೋಸೆಯಷ್ಟಗಲದಿಂದ ಹಿಡಿದು ಮೇಜಿನಷ್ಟಗಲದ ಐಸ್ ಬಿಲ್ಲೆಗಳು, ಒಂದಕ್ಕೊಂದು ತಾಗಿ ತಾಗಿ ಅಂಚು ಮೇಲಕ್ಕೆದ್ದು, ಅಲೆ ಬಂದಾಗ ಎಲ್ಲ ಒಟ್ಟಿಗೆ ಏರಿ ಇಳಿದು ಕಟಕಟ ಅನ್ನುತ್ತಿರುತ್ತವೆ. ರೈಲು ಹತ್ತಿದರೆ ಇಂಡಿಯಾನಾ ಡ್ಯೂನ್ಸ್‌ನ ಮರಳು ದಿಬ್ಬಗಳು, 2019ರಿಂದ ಅದೂ ನ್ಯಾಷನಲ್ ಪಾರ್ಕ್. ಮನೆಗೆ ಬಾ ಅಂತ ಆಸೆ ತೋರಿಸುತ್ತಿಲ್ಲ. ನೀನು ಹೊಸ ಊರು ನೋಡಬೇಕು. ಊರಿನಲ್ಲಿ ಬೆಟ್ಟ ಇಲ್ಲ ಅಂದರೆ ಹೊರಗೆ ಹೋಗಲು ಜಾಗವೇ ಇಲ್ಲ ಅಂತ ಅಂದುಕೊಳ್ಳಬೇಡ, ಅಷ್ಟೆ.

ಈಗ ಸಿಯಾಟಲ್. ನನ್ನ ಓಟು ಅದಕ್ಕೇ. ಆದರೆ ರೇನಿಯರ್ ನೋಡಿ ಓಟು ಹಾಕಬೇಡ, ಚಳಿಗಾಲದಲ್ಲಿ ಅದು ಮೋಡದ ಹಿಂದೆ ಹೋದರೆ ವಾರಗಟ್ಟಲೆ ಕಾಣುವುದಿಲ್ಲ. ಒಂದು ದಿನ ಆಕಾಶ ಬಿಟ್ಟರೆ ಇಡೀ ಊರು "ಇವತ್ತು ಬೆಟ್ಟ ಹೊರಗೆ ಬಂದಿದೆ" ಅಂತ ಹೇಳಿಕೊಂಡು ಓಡಾಡುತ್ತದೆ. ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಊರೊಳಗಿನ ನೀರು ಮತ್ತು ಕಾಡನ್ನು. ಗ್ರೀನ್ ಲೇಕ್ ಒಂದು ಸುತ್ತು 2.8 ಮೈಲಿ, ಒಂದು ಗಂಟೆ ಸಾಕು. ಡಿಸ್ಕವರಿ ಪಾರ್ಕ್ 534 ಎಕರೆ, ಮೊದಲು ಸೈನ್ಯದ ಜಾಗ, ಈಗ ಹುಲ್ಲುಗಾವಲು, ಕಾಡು, ಕಡಿದಾದ ಮಣ್ಣಿನ ಗೋಡೆ, ಅದರ ಕೆಳಗೆ ಕಡಲತೀರ ಮತ್ತು ದೀಪಸ್ತಂಭ. ಸಿಟಿ ಬಸ್ಸಿನಲ್ಲೇ ಹೋಗಬಹುದು. ಸೆವಾರ್ಡ್ ಪಾರ್ಕಿನಲ್ಲಿ ಕೊಡಲಿ ಬೀಳದ ಹಳೇ ಕಾಡು ಇನ್ನೂ ಉಳಿದಿದೆ. ಡಗ್ಲಸ್ ಫರ್ ಮರದ ಬುಡದಲ್ಲಿ ನಿಂತು ಕತ್ತೆತ್ತಿದರೆ ತುದಿ ಕಾಣುವುದಿಲ್ಲ, ಬಿದ್ದ ಮರದ ಮೇಲೆ ದಪ್ಪ ಪಾಚಿ, ಅದರ ಮೇಲೆ ಸೊಪ್ಪು, ಸೊಪ್ಪಿನ ಮಧ್ಯೆ ಇನ್ನೊಂದು ಪುಟ್ಟ ಮರ ಬೇರು ಬಿಟ್ಟುಕೊಂಡಿರುತ್ತದೆ. ನಾನಂತೂ ಅಲ್ಲಿ ತುಂಬಾ ಹೊತ್ತು ನಿಂತುಬಿಟ್ಟೆ.

ಲೇಕ್ ವಾಷಿಂಗ್ಟನ್ ಕಥೆ ನಿನಗೆ ಹೇಳಲೇಬೇಕು. ಇವತ್ತು ಬೇಸಿಗೆಯಲ್ಲಿ ಜನ ಈಜುವ ಆ ಸರೋವರಕ್ಕೆ 1950ರ ದಶಕದಲ್ಲಿ ಸುತ್ತಲ ಊರುಗಳ ಚರಂಡಿ ನೀರು ಬಿಡುತ್ತಿದ್ದರು. ಪಾಚಿ ಕಟ್ಟಿ ನಾರುತ್ತಿತ್ತು. ಎಡ್ಮಂಡ್ಸನ್ ಅಂತ ವಾಷಿಂಗ್ಟನ್ ಯೂನಿವರ್ಸಿಟಿಯ ಪ್ರಾಣಿಶಾಸ್ತ್ರಜ್ಞರು ಇದಕ್ಕೆ ಕಾರಣ ಕೊಳಚೆಯಲ್ಲಿರುವ ರಂಜಕ ಅಂತ ತೋರಿಸಿದರು. 1958ರಲ್ಲಿ ಜನ ಓಟು ಹಾಕಿ ಒಪ್ಪಿದರು, 1968ರ ಹೊತ್ತಿಗೆ ಕೊಳಚೆಯನ್ನು ಬೇರೆ ಕಡೆ ತಿರುಗಿಸಿ ಮುಗಿಯಿತು, ಕೆಲವೇ ವರ್ಷದಲ್ಲಿ ನೀರು ತಿಳಿಯಾಯಿತು. ಬೆಳ್ಳಂದೂರು ಕೆರೆ ನೊರೆ ಉಗುಳುವುದನ್ನು ನಿನ್ನ ಮಾವನ ಮನೆಗೆ ಹೋದಾಗ ನೀನೇ ನೋಡಿದ್ದೀಯ. ಇದು ಆಗದ ಕೆಲಸವೇನಲ್ಲ ಅಂತ ಗೊತ್ತಾಗಬೇಕಾದರೆ ಈ ಸರೋವರದಲ್ಲಿ ಒಂದು ಸಲ ಈಜಬೇಕು.

ಶನಿವಾರಕ್ಕೂ ಇಲ್ಲಿ ಕಾರು ಬೇಕೇಬೇಕು ಅಂತಿಲ್ಲ. ಬೇಸಿಗೆಯ ವಾರಾಂತ್ಯಗಳಲ್ಲಿ ಟ್ರೇಲ್‌ಹೆಡ್ ಡೈರೆಕ್ಟ್ ಅಂತ ಬಸ್ಸು ಊರಿಂದ ಸೀದಾ ಮೌಂಟ್ ಸೈ ಬುಡಕ್ಕೆ ಬಿಡುತ್ತದೆ. ನಾಲ್ಕು ಮೈಲಿಯಲ್ಲಿ 3,000 ಅಡಿಗಿಂತ ಜಾಸ್ತಿ ಏರು, ಮಂಡಿಗೆ ಕೆಲಸ ಕೊಡುತ್ತದೆ. ಬೇನ್‌ಬ್ರಿಜ್ ದ್ವೀಪಕ್ಕೆ ಫೆರಿಯಲ್ಲಿ 35 ನಿಮಿಷ. ಒಬ್ಬಳೇ ಹೊಸ ಊರಿಗೆ ಹೋಗುವವಳು, ಜೊತೆ ಬೇಕಲ್ಲ. ದಿ ಮೌಂಟೇನಿಯರ್ಸ್ ಅನ್ನುವ ಚಾರಣ ಸಂಘ 1906ರಿಂದ ಇದೆ, ಹೊಸಬರಿಗೆ ಕ್ಲಾಸು ಮಾಡುತ್ತಾರೆ. ಸೇರಿಕೋ.

ಮಳೆ ವಿಷಯ. ನಾನು ತೀರ್ಥಹಳ್ಳಿಯವಳು, ಆಗುಂಬೆಯ ಏಳು ಸಾವಿರ ಮಿಲಿಮೀಟರ್ ಮಳೆ ನೋಡಿ ಬೆಳೆದವಳು. ಸಿಯಾಟಲ್‌ನದ್ದು ವರ್ಷಕ್ಕೆ ಸಾವಿರದ ಆಸುಪಾಸು, ನ್ಯೂಯಾರ್ಕಿಗಿಂತಲೂ ಕಮ್ಮಿ. ಆದರೆ ನಮ್ಮಲ್ಲಿ ಮಳೆ ಅಂದರೆ ಹೊಡೆದು ನಿಲ್ಲುತ್ತದೆ, ಮಧ್ಯೆ ಹೊಳವಾಗುತ್ತದೆ, ಅಲ್ಲಿ ಅಕ್ಟೋಬರ್‌ನಿಂದ ಸುಮ್ನೆ ಜಿನುಗುತ್ತಲೇ ಇರುತ್ತದೆ. ನೆನೆಯುವುದಕ್ಕಿಂತ ಕತ್ತಲು ಕಷ್ಟ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂ ಇಪ್ಪತ್ತಕ್ಕೇ ಸೂರ್ಯ ಮುಳುಗಿರುತ್ತಾನೆ, ನನ್ನ ಮಂಗಳವಾರದ ಲೆಕ್ಕ ಆಗ ನಡೆಯುವುದಿಲ್ಲ. ಆ ಮೂರು ತಿಂಗಳು ಮಧ್ಯಾಹ್ನ ಊಟದ ಹೊತ್ತಿನಲ್ಲಿ ರೇನ್‌ಕೋಟ್ ಹಾಕಿಕೊಂಡು ಹೊರಗೆ ನಡೆಯಲೇಬೇಕು, ಇಲ್ಲದಿದ್ದರೆ ಮನಸ್ಸು ಕುಗ್ಗುತ್ತದೆ. ಅದರ ಬದಲಿಗೆ ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಇನ್ನು ಕಾಳ್ಗಿಚ್ಚಿನ ಹೊಗೆ, ನಿನಗೆ ಚಿಕ್ಕಂದಿನಿಂದ ವ್ಹೀಜಿಂಗ್ ಇದೆ ಅಂತ ಹೇಳುತ್ತಿದ್ದೇನೆ. 2020ರ ಸೆಪ್ಟೆಂಬರ್, 2022ರ ಅಕ್ಟೋಬರ್‌ನಲ್ಲಿ ಸಿಯಾಟಲ್‌ನಲ್ಲಿ ಕಿಟಕಿ ತೆಗೆಯುವ ಹಾಗಿರಲಿಲ್ಲ. 2023ರಲ್ಲಿ ಕೆನಡಾದ ಹೊಗೆ ಮಿನಿಯಾಪೊಲಿಸ್‌ಗೂ ನಮಗೂ ಬಂತು, ಡೆನ್ವರ್ ಕಡೆಯೂ ತಪ್ಪಿದ್ದಲ್ಲ. ಎಲ್ಲಿ ಹೋದರೂ ಏರ್ ಪ್ಯೂರಿಫೈಯರ್ ತೆಗೆದುಕೋ, ಇನ್ಹೇಲರ್ ಬ್ಯಾಗಿನಲ್ಲೇ ಇರಲಿ.

ಸ್ಯಾನ್ ಫ್ರಾನ್ಸಿಸ್ಕೋದಿಂದಲೂ ಕರೆ ಬರಬಹುದು ಅಂದಿದ್ದೀಯ. ಬಂದರೆ ಎರಡು ಸಲ ಯೋಚಿಸು. ಮರಳು ದಿಬ್ಬದ ಮೇಲೆ ಬೆಳೆಸಿದ ಗೋಲ್ಡನ್ ಗೇಟ್ ಪಾರ್ಕ್, ಬಸ್ಸಿಳಿದರೆ ಲ್ಯಾಂಡ್ಸ್ ಎಂಡ್‌ನ ಕಡಲ ದಾರಿ, ಮಂಗಳವಾರಕ್ಕೆ ಅದನ್ನು ಮೀರಿಸುವ ಊರು ನಾನು ನೋಡಿಲ್ಲ, ಬಾಡಿಗೆ ಮಾತ್ರ ಎದೆ ನಡುಗಿಸುತ್ತದೆ. ಜುಲೈಯಲ್ಲೂ ಜಾಕೆಟ್ ಬೇಕು. ಫೀನಿಕ್ಸ್ ಬೇಡವೇ ಬೇಡ, 2023ರ ಬೇಸಿಗೆಯಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ತೀರಾ ಬಿಸಿಯಿದ್ದ ದಿನ ಕ್ಯಾಮೆಲ್‌ಬ್ಯಾಕ್ ಬೆಟ್ಟದ ದಾರಿಯನ್ನೇ ಮುಚ್ಚುತ್ತಾರೆ.

ಇನ್ನೊಂದು ಕೆಲಸ ಮಾಡು. ಆಫೀಸು ಸಿಯಾಟಲ್ ಒಳಗೋ ಅಥವಾ ಸರೋವರದ ಆಚೆ ಬೆಲ್‌ವ್ಯೂ, ರೆಡ್ಮಂಡ್ ಕಡೆಯೋ ಅಂತ ಎಚ್‌ಆರ್ ಹತ್ತಿರ ಕೇಳು. ಒಳಗಾದರೆ ರೂಸ್‌ವೆಲ್ಟ್ ಸ್ಟೇಷನ್ ಆಸುಪಾಸು ಮನೆ ನೋಡು, ಲೈಟ್ ರೈಲು ಇಳಿದರೆ ಗ್ರೀನ್ ಲೇಕ್ ನಡೆಯುವಷ್ಟು ದೂರ. ಆಚೆಯಾದರೆ ಮೇರಿಮೂರ್ ಪಾರ್ಕ್ ಹತ್ತಿರ ನೋಡೋಣ. ಬಾಡಿಗೆ ಲೆಕ್ಕ ಅಪ್ಪ ಹೇಗೂ ಹಾಕುತ್ತಾರೆ. ನೀನು ವಿಳಾಸ ಕಳಿಸು, ಬಸ್ಸಿನ ಟೈಮಿಂಗ್ ನಾನು ನೋಡಿಡುತ್ತೇನೆ.

ನಿನ್ನ
ಅಮ್ಮ