ಉಸಿರು ಕಟ್ಟಿ ಈಜುವ ಸೋದರಳಿಯನಿಗೆ

ಚಿರಂಜೀವಿ ಸುಹಾಸನಿಗೆ ಸೋದರಮಾವನ ಆಶೀರ್ವಾದಗಳು.

ಈಜುಕೊಳದ ಒಂದು ತುದಿಯಿಂದ ಇನ್ನೊಂದಕ್ಕೆ ಒಂದೇ ಉಸಿರಿನಲ್ಲಿ ನೀರಿನಡಿಯಲ್ಲೇ ಹೋಗಿಬರುವೆಯೆಂದೂ, ಮುಳುಗುವ ಮುನ್ನ 20–30 ಸಲ ಜೋರಾಗಿ ಉಸಿರಾಡಿಕೊಂಡರೆ ಎದೆಯ ಚಡಪಡಿಕೆ ಬಹಳ ತಡವಾಗಿ ಶುರುವಾಗುತ್ತದೆಯೆಂದೂ ನೀನು ಹೆಮ್ಮೆಯಿಂದ ಬರೆದಿರುವೆ. ಅದನ್ನು ಓದಿದಂದಿನಿಂದ ನನಗೆ ನೆಮ್ಮದಿಯಿಲ್ಲ.

ಆ ಚಡಪಡಿಕೆ ಆಮ್ಲಜನಕ ತೀರುತ್ತಿರುವುದರ ಸೂಚನೆಯೆಂದು ನೀನು ತಿಳಿದಂತಿದೆ. ಅದನ್ನು ಎಬ್ಬಿಸುವುದು ಮುಖ್ಯವಾಗಿ ರಕ್ತದಲ್ಲಿ ಸೇರುತ್ತಾ ಹೋಗುವ ಇಂಗಾಲದ ಡೈಆಕ್ಸೈಡ್. ಆರೋಗ್ಯವಂತರ ರಕ್ತ ಸಾಧಾರಣ ಉಸಿರಾಟದಲ್ಲೇ ಶೇ. 95ಕ್ಕೂ ಮೇಲೆ ಆಮ್ಲಜನಕದಿಂದ ತುಂಬಿರುವುದರಿಂದ, ಜೋರಾಗಿ ಉಸಿರಾಡಿ ನೀನು ಕೂಡಿಸಿಕೊಳ್ಳುವುದು ಅತ್ಯಲ್ಪ. ಹೊರಹಾಕುವುದು ಮಾತ್ರ ಆ ಡೈಆಕ್ಸೈಡನ್ನು, ಅಂದರೆ ನಿನ್ನನ್ನು ಮೇಲಕ್ಕೆ ಕರೆಯಬೇಕಾದ ಕೂಗನ್ನೇ. ಆ ಕೂಗು ಏಳುವ ಮೊದಲೇ ಆಮ್ಲಜನಕ ತೀರಿ, ಎಷ್ಟೋ ಸಲ ಯಾವ ಮುನ್ಸೂಚನೆಯೂ ಇಲ್ಲದೆ, ಪ್ರಜ್ಞೆ ತಪ್ಪಿಬಿಡುತ್ತದೆ. ಆಮೇಲೆ ದೇಹ ತಾನಾಗಿ ಉಸಿರೆಳೆದಾಗ ಒಳನುಗ್ಗುವುದು ನೀರು. ಇದಕ್ಕೆ ಆಳ ಬೇಕಿಲ್ಲ, ಎದೆಮಟ್ಟದ ನೀರು ಸಾಕು. ಈಜು ಬಾರದವರು ಇದಕ್ಕೆ ಸಿಕ್ಕುವುದು ಕಡಿಮೆ. ಚಡಪಡಿಕೆಯನ್ನು ಹತ್ತಿಕ್ಕಲು ಕಲಿತ ನಿನ್ನಂಥ ನುರಿತವರೇ ಸಿಕ್ಕುತ್ತಾರೆ. ವಿಶ್ರಾಂತಿ ಸಾಲದೆ ಮತ್ತೆ ಮತ್ತೆ ಮುಳುಗಿದರೆ ಅಪಾಯ ಇನ್ನೂ ಹತ್ತಿರವಾಗುತ್ತದೆ.

ನಿನ್ನ ವಯಸ್ಸಿನಲ್ಲಿ ನಾನೂ ಪಂಥ ಕಟ್ಟಿ ಹೀಗೆ ಮುಳುಗಿದವನೇ, ಬದುಕಿದ್ದು ಜಾಣತನದಿಂದಲ್ಲ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೀರಿನಡಿ ಈಜುವುದೇ ಒಂದು ಸ್ಪರ್ಧೆಯಾಗಿತ್ತು, ಮತ್ತೆ ನಡೆಯಲಿಲ್ಲ. ಇಂದು ಸ್ಪರ್ಧೆಗಳಲ್ಲಿ ಬ್ಯಾಕ್‌ಸ್ಟ್ರೋಕ್, ಅಂದರೆ ಬೆನ್ನ ಮೇಲೆ ಮಲಗಿ, ಈಜುವವರು ಕೂಡ ಆರಂಭದ ಮತ್ತು ಪ್ರತಿ ತಿರುವಿನ ನಂತರ 15 ಮೀಟರಿನೊಳಗೆ ತಲೆಯನ್ನು ನೀರಿನಿಂದ ಹೊರಗೆ ತರಲೇಬೇಕು.

ಆದ್ದರಿಂದ ಮುಳುಗುವ ಮುನ್ನ ಜೋರಾಗಿ ಉಸಿರಾಡಿಕೊಳ್ಳುವುದನ್ನು ಇಂದೇ ಬಿಡು. ದೂರದ, ಹೊತ್ತಿನ ಪಂಥಗಳನ್ನೂ ಬಿಡು. ದಮ್ಮು ಬೆಳೆಯಬೇಕೆಂದರೆ ನೀರಿನ ಮೇಲೆ, ಲಯಕ್ಕೆ ತಕ್ಕಂತೆ ಉಸಿರಾಡುತ್ತಾ ದೂರ ಈಜು. ಲೈಫ್‌ಗಾರ್ಡ್ ಇದ್ದಾರೆಂಬ ಧೈರ್ಯವನ್ನು ಇಲ್ಲಿ ಪೂರ್ತಿ ನಂಬಬೇಡ: ತಳದಲ್ಲಿ ಕದಲದೆ ಇರುವವನು ಅಭ್ಯಾಸ ಮಾಡುತ್ತಿರುವನೋ, ಪ್ರಜ್ಞೆ ತಪ್ಪಿರುವನೋ ಎಂಬುದು ಮೇಲಿನಿಂದ ಒಮ್ಮೆಗೇ ತಿಳಿಯುವುದಿಲ್ಲ, ಅಲ್ಲಿ ಆಮ್ಲಜನಕ ಆಗಲೇ ತೀರಿರುವುದರಿಂದ ಕಾಯಲು ಹೊತ್ತೂ ಇರುವುದಿಲ್ಲ.

ಯಾರಾದರೂ ಹಾಗೆ ಕಂಡರೆ ಅನುಮಾನಿಸುತ್ತಾ ನಿಲ್ಲದೆ ಮುಖವನ್ನು ನೀರಿನ ಮೇಲಕ್ಕೆ ತಂದು, ಕೂಗಿ ಜನರನ್ನು ಕರೆ. ಹೊಟ್ಟೆ ಒತ್ತಿ ನೀರು ತೆಗೆಯುವ ಪ್ರಯತ್ನ ಬೇಡ. ಉಸಿರಾಟವಿಲ್ಲದಿದ್ದರೆ ಮೊದಲು ಬಾಯಿಯಿಂದ ಉಸಿರು ಕೊಟ್ಟು, ಬಳಿಕ ಎದೆಯನ್ನು 30 ಸಲ ಒತ್ತಿ 2 ಸಲ ಉಸಿರು ಕೊಡುವುದನ್ನು ನೆರವು ಬರುವವರೆಗೂ ನಿಲ್ಲಿಸಬಾರದು. ಇದನ್ನು ತರಬೇತಿಯಲ್ಲಿ ಕಲಿತುಕೊಂಡರೆ ಒಳ್ಳೆಯದು.

ನೀನು ಮುಳುಗಿದಾಗ ಗೆಳೆಯ ದಡದಲ್ಲಿ ನಿಂತು ಸ್ಟಾಪ್‌ವಾಚ್ ಹಿಡಿಯುತ್ತಾನೆಂದು ಬರೆದಿದ್ದೆ. ಅವನ ಕಣ್ಣು ನಿನ್ನ ಮೇಲಿರದೆ ಗಡಿಯಾರದ ಮೇಲಿರುತ್ತದೆಯಲ್ಲವೇ? ಈ ಪತ್ರವನ್ನು ಅವನಿಗೂ ಓದಲು ಕೊಡು.

ಇಂತಿ,
ನಿನ್ನ ಸೋದರಮಾವ