ಕುಕ್ಕಿ ಅಳಿಸಿದರೆ ಎಲ್ಲ ಸರಿಹೋಗುತ್ತದೆಯೇ?

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ನಡೆದ ಸೈಬರ್ ಜಾಗೃತಿ ಸಭೆಯ ವರದಿಯನ್ನು ಸೋಮವಾರ ನಿಮ್ಮ ಪತ್ರಿಕೆಯಲ್ಲಿ ಓದಿದೆ. ‘ಕುಕ್ಕಿ ಅಳಿಸಿ, ನಿಶ್ಚಿಂತೆಯಿಂದಿರಿ’ ಅಂತ ತಲೆಬರಹ. ಕುಕ್ಕಿ (cookie) ಅಂದರೆ ನಾವು ನೋಡಿದ ಪುಟಗಳ ಗುರುತಿಗಾಗಿ, ಅಂತರ್ಜಾಲ ನೋಡುವ ಬ್ರೌಸರಿನಲ್ಲಿ ಕೂರುವ ಚೀಟಿ. ಅಧಿಕಾರಿಗಳು ದೀಪ ಹಚ್ಚುತ್ತಿರುವ ಫೋಟೊ. ನಾನು ಆ ಸಭೆಯಲ್ಲಿ ಮೂರನೇ ಸಾಲಿನಲ್ಲೇ ಕೂತಿದ್ದೆ. ಎದ್ದು ನಿಂತು ಒಂದು ಪ್ರಶ್ನೆಯನ್ನೂ ಕೇಳಿದ್ದೆ. ಅದು ನಿಮ್ಮ ವರದಿಯಲ್ಲಿ ಇಲ್ಲ. ಉತ್ತರ ಅಂತೂ ಸಭೆಯಲ್ಲೇ ಸಿಗಲಿಲ್ಲ. ನನ್ನ ಮಾತು ಮುಗಿಯುವ ಮೊದಲೇ ಕೈಯಿಂದ ಮೈಕ್ ಇಸಿದುಕೊಂಡು ಸನ್ಮಾನಕ್ಕೆ ಶಾಲು ತಂದರು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ದಯವಿಟ್ಟು ಇದನ್ನಾದರೂ ಕತ್ತರಿಸಬೇಡಿ.

ನನ್ನ ಅಮ್ಮನಿಗೆ 71 ವರ್ಷ. ಹೋದ ತಿಂಗಳು ಎದೆಯಲ್ಲಿ ಒಂದು ಗಂಟು ಕಾಣಿಸಿತು. ಡಾಕ್ಟರು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರುವವರೆಗೆ ಹೆದರಿಸಬೇಡಿ, ಬಿಪಿ ಜಾಸ್ತಿ ಇದೆ ಎಂದು ಹೇಳಿದರು. ನಾವು ಅಮ್ಮನಿಗೆ ಕೊಬ್ಬಿನ ಗಂಟು, ಸುಮ್ನೆ ನೋಡುತ್ತಾರೆ ಅಂತ ಹೇಳಿದ್ದೆವು. ಮನೆಯಲ್ಲಿ ಆ ಕಾಯಿಲೆಯ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ.

ನಾನು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಬಿಡುವು. ಆಗ ಮಂಡಿಯ ಕಂಪ್ಯೂಟರಿನಲ್ಲಿ ಕೂತು ಸ್ತನ ಕ್ಯಾನ್ಸರ್ ಬಗ್ಗೆ ಓದುತ್ತಿದ್ದೆ. ಮನೆಯ ಫೋನಿನಲ್ಲಿ ಒಂದು ದಿನವೂ ಹುಡುಕಲಿಲ್ಲ. ಅಮ್ಮನ ಕಣ್ಣಿಗೆ ಬೀಳಬಾರದು ಅಂತಲೇ ಅಷ್ಟು ಜೋಪಾನ ಮಾಡಿದ್ದೆ. ಒಂದು ಆಸ್ಪತ್ರೆಯ ಪುಟದಲ್ಲಿ ‘ಉಚಿತ ಸಲಹೆ’ ಅಂತ ಇತ್ತು, ಅಲ್ಲಿ ನನ್ನ ಫೋನ್ ನಂಬರ್ ಮತ್ತು ಮೇಲ್ ವಿಳಾಸ ಹಾಕಿದೆ. ಮಾಡಿದ್ದು ಇಷ್ಟೇ.

ಭಾನುವಾರ ಬೆಳಿಗ್ಗೆ ಅಮ್ಮ ಪತ್ರೊಡೆ ಮಾಡಲು ಕೂತಿದ್ದಳು. ಕೆಸುವಿನ ಎಲೆಯ ನಾರು ತೆಗೆದು, ಬೋರಲು ಹಾಸಿ, ಹಿಟ್ಟು ಸವರುತ್ತಿದ್ದಳು. ಉಪ್ಪಿನಕಾಯಿ ಭರಣಿಗೆ ಟ್ಯಾಬ್ ಒರಗಿಸಿ ಅಡುಗೆ ವಿಡಿಯೊ ಹಚ್ಚಿಕೊಂಡಿದ್ದಳು. ನಡುವೆ ಜಾಹೀರಾತು ಬಂತು. ಕೀಮೊ ಆದವರಿಗೆ ಕೂದಲಿನ ವಿಗ್. ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸು ಅಚ್ಚಗನ್ನಡದಲ್ಲಿ ಮಾತಾಡುತ್ತಿದ್ದಳು. ಅದು ಮುಗಿಯುತ್ತಿದ್ದಂತೆ ಇನ್ನೊಂದು, ಎದೆಯ ಗಂಟನ್ನು ಕರಗಿಸುತ್ತದೆಯಂತೆ ಲಕ್ಷ್ಮಣಫಲದ ಪುಡಿ. ಅಮ್ಮನ ಕೈ ಎಲೆಯ ಮೇಲೇ ನಿಂತುಬಿಟ್ಟಿತು. ‘ಪುಟ್ಟೀ, ನನಗೆ ಬಂದಿರೋದು ಇದೇನಾ?’ ಎಂದು ಕೇಳಿದಳು.

ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಿಜ ಹೇಳಲೂ ಬರಲಿಲ್ಲ. ಪತ್ರೊಡೆ ಬೇಯಲೇ ಇಲ್ಲ. ಹಿಟ್ಟು ಸಂಜೆಗೆ ಹುಳಿ ಬಂತು, ಚೆಲ್ಲಿದೆ. ಅವತ್ತಿನಿಂದ ಅಮ್ಮ ರಾತ್ರಿ ನಿದ್ದೆ ಮಾಡಿಲ್ಲ, ಬಿಪಿ ಮಾತ್ರೆ ಎರಡು ಪಟ್ಟಾಗಿದೆ. ನಾನು ಎರಡು ದಿನ ರಜೆ ಹಾಕಿದೆ. ಅಡಿಕೆ ಹಂಗಾಮಿನಲ್ಲಿ ಮಂಡಿಯಿಂದ ರಜೆ ತೆಗೆದುಕೊಳ್ಳುವುದು ಎಷ್ಟು ಕಷ್ಟ ಅಂತ ಈ ಊರಿನವರಿಗೆ ಗೊತ್ತು. ರಿಪೋರ್ಟ್ ಇನ್ನೂ ಬಂದಿಲ್ಲ.

ಸಭೆಯಲ್ಲಿ ನಾನು ಕೇಳಿದ್ದು ಒಂದೇ ಮಾತು. ಮಂಡಿಯ ಕಂಪ್ಯೂಟರಿನಲ್ಲಿ ನಾನು ಓದಿದ್ದು ಮನೆಯ ಅಡುಗೆಮನೆಗೆ ಹೇಗೆ ಬಂತು, ಇದಕ್ಕೆ ಯಾರು ಹೊಣೆ? ಅಧಿಕಾರಿಗಳು ಕುಕ್ಕಿ ಕ್ಲಿಯರ್ ಮಾಡಿ ಅಂದರು. ಮೇಲೆ ಇನ್ನೊಂದು ಮಾತು ಸೇರಿಸಿದರು. ತಪ್ಪು ಮಾಡದವರಿಗೆ ಭಯ ಯಾಕಮ್ಮ? ಅದನ್ನೂ ನೀವು ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಅಮ್ಮನ ಕಾಯಿಲೆ ಬಗ್ಗೆ ಓದಿದ್ದು ತಪ್ಪೇ? ಅಮ್ಮನಿಂದ ಮುಚ್ಚಿಟ್ಟಿದ್ದು ತಪ್ಪೇ? ಇದಕ್ಕೆ ಮೊದಲು ಉತ್ತರ ಬೇಕು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗ ರಾತ್ರಿ ಫೋನಿನಲ್ಲಿ ಒಂದು ಗಂಟೆ ಬಿಡಿಸಿ ಹೇಳಿದ. ವೇದಿಕೆ ಮೇಲಿದ್ದ ಏಳು ಜನರಲ್ಲಿ ಒಬ್ಬರೂ ಅದನ್ನು ಹೇಳಲಿಲ್ಲ. ಕುಕ್ಕಿ 1994ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನವರು ತಂದದ್ದು. ಒಂದು ಬ್ರೌಸರಿನಲ್ಲಿ ಕೂರುವ ಸಣ್ಣ ಚೀಟಿ ಅಷ್ಟೇ. ಮಂಡಿಯ ಕಂಪ್ಯೂಟರಿನ ಕುಕ್ಕಿ ಮಂಡಿಯ ಕಂಪ್ಯೂಟರಿನಲ್ಲೇ ಇರುತ್ತದೆ, ನಡೆದುಕೊಂಡು ಮನೆಗೆ ಬರುವುದಿಲ್ಲ. ಎರಡೂ ಕಡೆಯವರು ಒಬ್ಬರೇ ಎಂದು ಜೋಡಿಸುವ ಕೆಲಸ ಕಂಪನಿಗಳ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಅಲ್ಲಿಗೆ ನನ್ನ ಕೈ ಹೋಗುತ್ತದೆಯೇ? ನಾನು ಇಲ್ಲಿ ಎಷ್ಟು ಅಳಿಸಿದರೂ ಅಲ್ಲಿನ ಲೆಕ್ಕ ಹಾಗೇ ಇರುತ್ತದೆ.

ಜೋಡಿಸಲು ಮುಖ್ಯವಾಗಿ ಎರಡು ದಾರಿ. ಒಂದು ಲಾಗಿನ್. ಅಮ್ಮನ ಟ್ಯಾಬ್ ನನ್ನ ಮೇಲ್ ವಿಳಾಸದಲ್ಲೇ ತೆರೆದದ್ದು, ಅವಳಿಗೆ ಬೇರೆ ಮೇಲ್ ಎಲ್ಲಿಂದ ತರಲಿ? ಮಂಡಿಯಲ್ಲೂ ಲೆಕ್ಕ ಕಳಿಸಲು ಅದೇ ಮೇಲ್. ನಂಬರನ್ನೂ ಮೇಲನ್ನೂ ಗುರುತು ಸಿಗದ ಅಕ್ಷರದ ಸಾಲಾಗಿ ಬದಲಾಯಿಸಿಯೇ ಹಂಚಿಕೊಳ್ಳುತ್ತೇವೆ ಅನ್ನುತ್ತಾರಂತೆ ಕಂಪನಿಯವರು. ಒಂದೇ ರೀತಿ ಬದಲಾಯಿಸಿದರೆ ಒಂದು ನಂಬರಿಗೆ ಎಲ್ಲ ಕಡೆ ಅದೇ ಸಾಲು ಬರುತ್ತದೆ, ಎರಡನ್ನೂ ತಾಳೆ ನೋಡಿದರೆ ಮುಗಿಯಿತು. ಇದನ್ನು ನನಗೆ ಯಾರೂ ಕಲಿಸಬೇಕಿಲ್ಲ. ಮೂಟೆಯ ಮೇಲೆ ರೈತನ ಹೆಸರು ಬರೆಯದಿದ್ದರೂ ಚೀಟಿ ನಂಬರ್ ಇದ್ದರೆ ಸಾಕು, ಅದು ಯಾರ ಅಡಿಕೆ ಎಂದು ಖಾತೆ ಪುಸ್ತಕ ತೆಗೆದು ಹೇಳುತ್ತೇನೆ. ಹೆಸರು ಬರೆದಿಲ್ಲ, ಆದ್ದರಿಂದ ಗುರುತಿಲ್ಲ ಅನ್ನುವುದು ಕಣ್ಣಿಗೆ ಮಣ್ಣೆರಚುವ ಮಾತು.

ಇನ್ನೊಂದು ದಾರಿ ಊಹೆ. ಒಂದೇ ವೈಫೈಗೆ ದಿನಾ ರಾತ್ರಿ ಸೇರುವ ಫೋನು, ಟ್ಯಾಬು, ಟಿವಿ ಒಂದೇ ಮನೆಯವು ಅಂತ ಲೆಕ್ಕ ಹಾಕುತ್ತಾರೆ. ಬೆಳಿಗ್ಗೆ ಮಂಡಿಯಲ್ಲಿ, ಸಂಜೆ ಮನೆಯಲ್ಲಿ ಕಾಣುವ ಫೋನು ಯಾರದು ಎಂಬುದಕ್ಕೂ ಹೀಗೇ ಲೆಕ್ಕ. ಪಕ್ಕದ ಮನೆಯ ಹುಡುಗಿ ಪಿಯುಸಿ ಓದುತ್ತಾಳೆ, ಪಾಠ ನೋಡಲು ಸಂಜೆ ನಮ್ಮ ವೈಫೈಗೆ ಬರುತ್ತಾಳೆ. ಮಂಗಳವಾರ ಅವಳ ಫೋನಿಗೂ ಅದೇ ಪುಡಿಯ ಜಾಹೀರಾತು ಬಂತು. ಅವಳ ತಾಯಿ ಗಾಬರಿಯಾಗಿ ಓಡಿಬಂದರು. ಮಗಳು ಏನೋ ಮುಚ್ಚಿಡುತ್ತಿದ್ದಾಳೆ ಎಂದು ಆ ಅಕ್ಕ ಅತ್ತರು. ಈಗ ಬೀದಿಗೆಲ್ಲ ನಮ್ಮ ಮನೆಯ ವಿಷಯ ಗೊತ್ತಾಗಿದೆ.

ಟಿವಿಯನ್ನೂ ನಂಬುವ ಹಾಗಿಲ್ಲ. ನಮ್ಮ ದೇಶದ ಸಿಲ್ವರ್‌ಪುಶ್ ಕಂಪನಿಯ ತಂತ್ರವೊಂದಿತ್ತು. ಟಿವಿ ಜಾಹೀರಾತಿನೊಳಗೆ ಕಿವಿಗೆ ಕೇಳದ ಸದ್ದು ಸೇರಿಸುವುದು, ಫೋನಿನ ಮೈಕ್ ಅದನ್ನು ಹಿಡಿದು ಈ ಟಿವಿ ನೋಡುವವರದೇ ಈ ಫೋನು ಎಂದು ಗಂಟು ಹಾಕುವುದು. 2016ರ ಮಾರ್ಚಿನಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಆ ಕೋಡ್ ಇಟ್ಟುಕೊಂಡಿದ್ದ 12 ಆ್ಯಪ್ ತಯಾರಕರಿಗೆ ಎಚ್ಚರಿಕೆ ಪತ್ರ ಬರೆಯಿತು. ಮರುವರ್ಷ, ಸುಮಾರು 1.1 ಕೋಟಿ ಟಿವಿಗಳಲ್ಲಿ ಜನ ಏನು ನೋಡುತ್ತಾರೆ ಎಂದು ಕೇಳದೆ ಬರೆದಿಟ್ಟುಕೊಂಡ ಟಿವಿ ತಯಾರಕ ವಿಜಿಯೊ ಕಂಪನಿ 22 ಲಕ್ಷ ಡಾಲರ್ ಕಟ್ಟಬೇಕಾಯಿತು. ಅಲ್ಲಿಯವರಿಗೆ ಹೇಳುವವರು ಕೇಳುವವರು ಇದ್ದರು. ನಮ್ಮ ಬಡಾವಣೆಗೆ ಬಂದು ಯಾರು ಹೇಳಿದರು?

ನಮ್ಮಲ್ಲಿ ಕಾನೂನಿಲ್ಲ ಅಂತ ಯಾರೂ ಹೇಳಬೇಡಿ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, 80 ದಾಟಿದ ವಯಸ್ಸಿನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆರು ವರ್ಷವಾದ ಮೇಲೆ, 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬಂತು. ಅದರ ನಿಯಮ ಹೊರಬಂದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಟ್ಟಳೆಗಳು ಜಾರಿಗೆ ಬರಲು ಅಲ್ಲಿಂದ ಮತ್ತೆ 18 ತಿಂಗಳ ಗಡುವು. 18 ವರ್ಷದೊಳಗಿನವರನ್ನು ಹಿಂಬಾಲಿಸಿ ಜಾಹೀರಾತು ತೋರಿಸಬಾರದು ಅಂತ ಆ ಕಾಯ್ದೆಯಲ್ಲೇ ಇದೆ. ಪಕ್ಕದ ಮನೆಯ ಹುಡುಗಿಗೆ 17. ಅವಳ ಅಮ್ಮ ಯಾವ ಬಾಗಿಲು ತಟ್ಟಬೇಕು ಎಂದು ಸಭೆಯಲ್ಲಿ ಒಂದು ಸಾಲು ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆ.

ಈ ಅಧಿಕಾರಿಗಳು ನಮ್ಮ ಗುಟ್ಟು ಕಾಯುತ್ತಾರೆ ಅಂತ ನಂಬುವುದಾದರೂ ಹೇಗೆ? ನಾಲ್ಕು ವರ್ಷದ ಹಿಂದೆ ಸಂತೆಯಲ್ಲಿ ಕಡಲೆಕಾಯಿ ಕಟ್ಟಿಕೊಟ್ಟ ಪೊಟ್ಟಣ ಬಿಚ್ಚಿದರೆ, ಅದು ಒಂದು ಸರ್ಕಾರಿ ಕಚೇರಿಗೆ ಯಾರೋ ಕೊಟ್ಟ ವಿಧವಾ ವೇತನದ ಅರ್ಜಿ. ಫೋಟೊ, ಹೆಬ್ಬೆಟ್ಟು, ಫೋನ್ ನಂಬರ್ ಎಲ್ಲ ಇತ್ತು. ಅದನ್ನು ಆ ಕಚೇರಿಗೆ ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟೆ. ‘ರದ್ದಿಗೆ ಹೋಗಿದೆ ಬಿಡಿ’ ಅಂದರು. ಖಾತೆ ಬದಲಾವಣೆಗೆ ಫೋನ್ ನಂಬರ್ ಕೊಟ್ಟ ವಾರದಿಂದ ಸಾಲ ಬೇಕೇ ಎಂದು ಕರೆ ಬರಲು ಶುರುವಾಯಿತು. ಬೇಡದ ಕರೆಗಳ ದೂರಿಗೆ ಇರುವ 1909 ನಂಬರಿಗೆ ದೂರು ಕೊಟ್ಟೆ. ಒಂದು ನಂಬರ್ ನಿಂತರೆ ಇನ್ನೊಂದರಿಂದ ಬರುತ್ತದೆ. ಪಾರ್ಕಿನ ಮೂಲೆಯ ದೀಪಕ್ಕೆ ಮೂರು ಅರ್ಜಿ ಕೊಟ್ಟು ಎರಡು ಮಳೆಗಾಲ ಕಳೆಯಿತು, ಕೇಬಲ್ಲಿಗೆ ಅಂತ ಅಗೆದ ರಸ್ತೆ ಹಾಗೇ ಬಿದ್ದಿದೆ. ಅಗೆಯುವವರಿಗೆ ಮಾತ್ರ ಎಲ್ಲ ಕಡೆ ಅನುಮತಿ ಸಿಗುತ್ತದೆ, ಮುಚ್ಚುವವರು ಯಾರು ಅಂತ ಕೇಳಿದರೆ ಮೈಕ್ ಕಿತ್ತುಕೊಳ್ಳುತ್ತಾರೆ.

ಅಕ್ಕನ ಮಗ ಹೇಳಿದಂತೆ ಫೋನಿನಲ್ಲೂ ಟ್ಯಾಬಿನಲ್ಲೂ ಪ್ರೈವಸಿ ಸೆಟ್ಟಿಂಗಿಗೆ ಹೋಗಿ ಜಾಹೀರಾತು ಐಡಿ, ಅಂದರೆ ಜಾಹೀರಾತಿನವರು ಸಾಧನವನ್ನು ಗುರುತಿಸುವ ಸಂಖ್ಯೆ, ಅದನ್ನು ಅಳಿಸಿದೆ. ಮೈಕ್ ಅನುಮತಿ ತೆಗೆದೆ. ಟ್ಯಾಬಿನಲ್ಲಿ ನನ್ನ ಮೇಲ್ ತೆಗೆದುಹಾಕಿದೆ, ಅಮ್ಮ ಗುರುತು ಮಾಡಿಟ್ಟುಕೊಂಡಿದ್ದ ಅಡುಗೆ ವಿಡಿಯೊಗಳೂ ಅದರ ಜೊತೆ ಹೋದವು. ಮೂರು ರಾತ್ರಿ ಈ ಕೆಲಸಕ್ಕೇ ಆಯಿತು. ಲೆಕ್ಕ ಬರೆಯುವ ನನಗೇ ಇಷ್ಟು ಹೊತ್ತು ಹಿಡಿದರೆ, ಓದು ಬಾರದವರು ಏನು ಮಾಡಬೇಕು?

ದತ್ತಾಂಶ ರಕ್ಷಣೆಯ ಆ ಕಾಯ್ದೆಯನ್ನು ಈಗಲೇ ಪೂರ್ತಿ ಜಾರಿಗೆ ತರಬೇಕು. ಕಾಯಿಲೆಯ ವಿಷಯದಲ್ಲಿ ಇಂಥ ಜಾಹೀರಾತನ್ನೇ ನಿಲ್ಲಿಸಬೇಕು. ಎರಡೂ ಆಗಬೇಕು. ಜಿಲ್ಲೆಗೆ ಒಬ್ಬರಾದರೂ ದೂರು ಕೇಳುವವರು ಬೇಕು, ಕೇಳಿದ ಮೇಲೆ ಉತ್ತರ ಕೊಡುವವರು ಬೇಕು. ಕುಕ್ಕಿ ಅಳಿಸಿ ಎಂದು ಹೇಳಿಹೋದ ಆ ಅಧಿಕಾರಿಗಳು ಒಮ್ಮೆ ನಮ್ಮ ಮನೆಗೆ ಬರಲಿ. ಅಡುಗೆಮನೆಯಲ್ಲಿ ಟ್ಯಾಬನ್ನು ಬೋರಲು ಹಾಕಿಟ್ಟು ಕೂತಿರುವ ಅಮ್ಮನ ಮುಂದೆ ನಿಂತು, ತಪ್ಪು ಮಾಡದವರಿಗೆ ಭಯ ಯಾಕಮ್ಮ ಅಂತ ಅವಳನ್ನೇ ಕೇಳಲಿ.

— ಒಬ್ಬ ಓದುಗಳು, ವಿನೋಬನಗರ, ಶಿವಮೊಗ್ಗ