ಅಮ್ಮ ನೋಡಿದ ಗಡಿಯಾರ: ಯುವ ಬರಹಗಾರ್ತಿಗೆ ಒಂದು ಪತ್ರ

ಪ್ರಿಯ ಸೋದರಿಗೆ,

ನಮಸ್ಕಾರಗಳು. ಜೆಕ್ ದೇಶದ ಪ್ರಾಗ್ ನಗರದಲ್ಲಿ ನಿಮ್ಮ ಕುಟುಂಬ ಕಳೆದ ಡಿಸೆಂಬರ್ ಕೊನೆಯ ವಾರದ ಒಂದು ದಿನವನ್ನು ಕುರಿತ ಲೇಖನವನ್ನೂ ಅದರ ಜೊತೆಗಿಟ್ಟ ಮೂರು ಛಾಯಾಚಿತ್ರಗಳನ್ನೂ ಎರಡೆರಡು ಸಲ ನೋಡಿದೆ. ಮ್ಯೂನಿಕ್‌ನಲ್ಲಿ ನೆಲೆಸಿರುವ ನೀವು, ನಿಮ್ಮ ಯಜಮಾನರು, ಏಳು ವರ್ಷದ ಮಗ, ಶಿವಮೊಗ್ಗದಿಂದ ಮೂರು ತಿಂಗಳಿಗೆಂದು ಬಂದಿರುವ ನಿಮ್ಮ ತಾಯಿ, ಹೀಗೆ ನಾಲ್ವರು ಬೆಳಗಿನಿಂದ ಕತ್ತಲಾಗುವವರೆಗೆ ಸುತ್ತಾಡಿದ್ದನ್ನು ಹದಿನಾಲ್ಕು ಪುಟಗಳಲ್ಲಿ ಬರೆದಿದ್ದೀರಿ. ಭಾಷೆ ಹದವಾಗಿದೆ, ದೀರ್ಘ ವಾಕ್ಯಗಳನ್ನು ಎಡವದೆ ಕೊನೆ ಮುಟ್ಟಿಸುವ ಶಕ್ತಿ ನಿಮಗಿದೆ. ಆದರೆ ಹಾಳೆಗಳನ್ನು ಮಡಿಸಿಟ್ಟ ಮೇಲೆ ನನ್ನ ಮನಸ್ಸಿನಲ್ಲಿ ನಿಂತದ್ದು ಒಂಬತ್ತನೆಯ ಪುಟದ ಒಂದೇ ಒಂದು ವಾಕ್ಯ: ‘ಧನುರ್ಮಾಸ ಇನ್ನೂ ಮುಗಿದಿಲ್ಲ, ಇಲ್ಲಿ ಸೂರ್ಯ ಆಗಲೇ ಮಕರಕ್ಕೆ ಹೋಗಿಬಿಟ್ಟಿದ್ದಾನಲ್ಲ ಎಂದು ಗಡಿಯಾರದ ಕೆಳಗೆ ನಿಂತು ಅಮ್ಮ ಹೇಳಿದರು.’ ಇದನ್ನು ನೀವು ವಯಸ್ಸಾದವರ ಒಂದು ಮುಗ್ಧ ಮಾತೆಂಬಂತೆ ದಾಖಲಿಸಿ ಮುಂದಿನ ಸ್ಥಳಕ್ಕೆ ಹೊರಟುಬಿಟ್ಟಿದ್ದೀರಿ. ನಾನು ಮಾತ್ರ ಅಲ್ಲಿಂದ ಕದಲಲಾಗಲಿಲ್ಲ. ಈ ಪತ್ರದ ಬಹುಪಾಲು ಆ ವಾಕ್ಯದ ಸಲುವಾಗಿಯೇ ಇದೆ.

ಹಳೆಯ ಪಟ್ಟಣದ ಚೌಕದಲ್ಲಿರುವ ಆ ಖಗೋಳ ಗಡಿಯಾರ 1410ರದು. ಗಂಟೆ ಹೊಡೆಯುವಾಗ ಅಸ್ಥಿಪಂಜರವೊಂದು ಹಗ್ಗ ಜಗ್ಗುತ್ತದೆ, ಕಿಟಕಿಗಳು ತೆರೆದು ಹನ್ನೆರಡು ಅಪೊಸ್ತಲರ, ಅಂದರೆ ಯೇಸುವಿನ ಧರ್ಮದೂತರ, ಗೊಂಬೆಗಳು ಸಾಗುತ್ತವೆ, ಕೊನೆಗೆ ಹುಂಜ ಕೂಗುತ್ತದೆ. ಒಂದು ನಿಮಿಷದೊಳಗೆ ಎಲ್ಲ ಮುಗಿದು ಜನ ಚದುರುತ್ತಾರೆ. ಈ ಒಂದು ನಿಮಿಷಕ್ಕೆ ನೀವು ಒಂದೂವರೆ ಪುಟ ಕೊಟ್ಟಿದ್ದೀರಿ, ಅದನ್ನು ಎಲ್ಲರೂ ಬರೆಯುತ್ತಾರೆ. ನಿಮ್ಮ ತಾಯಿ ಗೊಂಬೆಗಳು ಒಳಗೆ ಹೋದ ಮೇಲೂ ಅಲ್ಲಿಯೇ ನಿಂತು, ಕೆಳಗಿನ ದೊಡ್ಡ ಮುಖಫಲಕವನ್ನು ನೋಡುತ್ತಿದ್ದರು. ರಾಶಿಗಳ ಗುರುತುಗಳನ್ನು ನಿಮ್ಮ ಯಜಮಾನರು ಮೊಬೈಲಿನಲ್ಲಿ ಹುಡುಕಿ ಒಂದೊಂದಾಗಿ ಹೇಳಿದರು, ಅಮ್ಮ ಮೇಷದಿಂದ ಬೆರಳು ಮಡಚಿ ಎಣಿಸುತ್ತ ಬಂದರು ಎಂದು ಅರ್ಧ ವಾಕ್ಯದಲ್ಲಿ ಹೇಳಿದ್ದೀರಿ. ಆ ಬೆರಳುಗಳನ್ನು ನನಗೆ ಇನ್ನಷ್ಟು ತೋರಿಸಿ. ಆ ಫಲಕದ ನಟ್ಟನಡುವೆ ಭೂಮಿಯಿದೆ. ಸೂರ್ಯ, ಚಂದ್ರ, ರಾಶಿಚಕ್ರದ ಬಳೆ ಅದರ ಸುತ್ತ ತಿರುಗುತ್ತವೆ. ದಿನಬೆಳಗಾದರೆ ಪಂಚಾಂಗ ತೆರೆಯುವ ಮನೆಯಲ್ಲಿ ಬಾಳಿದವರಿಗೆ ಇದು ಚಿರಪರಿಚಿತವಾದ ಆಕಾಶ. ಪ್ರಾಗ್ ನಗರದ ಯಾವ ಫಲಕವನ್ನೂ ಓದಲಾರದ ಒಬ್ಬರು ಅಲ್ಲಿ ಸರಾಗವಾಗಿ ಓದಿದ್ದು ಇದೊಂದನ್ನೇ. ಓದಿದ್ದಷ್ಟೇ ಅಲ್ಲ, ತಮ್ಮ ಲೆಕ್ಕಕ್ಕೆ ತಾಳೆಯಾಗಲಿಲ್ಲವೆಂದು ಗುರುತಿಸಿದರು.

ಅವರ ಗುರುತು ಸರಿಯಾಗಿತ್ತು. ಆ ಗಡಿಯಾರ ಅನುಸರಿಸುವುದು ಸೂರ್ಯನ ಅಯನಗಳನ್ನು ಆಧರಿಸಿದ ಸಾಯನ ಗಣನೆಯನ್ನು. ಅದರಂತೆ ಉತ್ತರಾಯಣ ತೊಡಗುವ ಡಿಸೆಂಬರ್ 21 ಅಥವಾ 22ರಂದೇ ಸೂರ್ಯ ಮಕರಕ್ಕೆ ಬರುತ್ತಾನೆ. ನಮ್ಮ ಪಂಚಾಂಗಗಳ ನಿರಯನ ಗಣನೆ ನಕ್ಷತ್ರಗಳನ್ನು ಆಧಾರವಾಗಿ ಹಿಡಿದಿರುವುದರಿಂದ ಸಂಕ್ರಾಂತಿಗೆ ಜನವರಿ 14 ಅಥವಾ 15ರವರೆಗೆ ಕಾಯಬೇಕು. ಭೂಮಿಯ ಅಕ್ಷ ಬಹಳ ನಿಧಾನವಾಗಿ ಓಲುವುದರಿಂದ ಈ ಎರಡು ಲೆಕ್ಕಗಳು ಸುಮಾರು 72 ವರ್ಷಕ್ಕೆ ಒಂದು ಅಂಶದಂತೆ, ಅಂದರೆ ಒಂದು ಡಿಗ್ರಿಯಂತೆ, ದೂರ ಸರಿಯುತ್ತವೆ. ಹದಿನೇಳು ಶತಮಾನಗಳಷ್ಟು ಹಿಂದೆ ಒಂದಾಗಿದ್ದವು ಇಂದು ಸುಮಾರು 24 ಅಂಶಗಳಷ್ಟು ಬೇರೆಯಾಗಿವೆ. ಇದನ್ನೇ ಅಯನಾಂಶ ಎನ್ನುವುದು. ನಿಮ್ಮ ತಾಯಿಯ ಮಾತಿನಲ್ಲಿ ಇಷ್ಟೂ ಅಡಗಿತ್ತು. ಅವರು ಆ ದಿನ ಎಂದಿನಂತೆ ಐದಕ್ಕೇ ಎದ್ದು, ಧನುರ್ಮಾಸದ ಪೂಜೆ ಅರುಣೋದಯಕ್ಕೆ ಮುನ್ನ ಮುಗಿಯಬೇಕೆಂದು ಹೋಟೆಲಿನ ಕೋಣೆಯಲ್ಲಿ ಮೌನವಾಗಿ ಸ್ತೋತ್ರ ಹೇಳಿಕೊಂಡು, ಆಮೇಲೆ ಎಂಟರವರೆಗೂ ಬೆಳಕೇ ಹರಿಯದ ಕಿಟಕಿಯ ಬಳಿ ಕುಳಿತಿದ್ದರು ಎಂಬ ಸಂಗತಿ ನಿಮ್ಮ ಎರಡನೆಯ ಪುಟದಲ್ಲಿದೆ. ಆ ಕಿಟಕಿಗೂ ಮಧ್ಯಾಹ್ನದ ಗಡಿಯಾರಕ್ಕೂ ಇರುವ ನಂಟನ್ನು ನೀವು ಕಾಣಲಿಲ್ಲ. ನಿಮ್ಮ ಲೇಖನ ಹುಟ್ಟಬೇಕಾದದ್ದು ಆ ನಂಟಿನಿಂದ.

ಅದೇ ಫಲಕದಲ್ಲಿ ಇನ್ನೊಂದು ಸಂಗತಿಯಿದೆ. ಹೊರಗಿನ ಬಳೆಯ ಮೇಲೆ ಹಳೆಯ ಗೋಥಿಕ್ ಶೈಲಿಯ ಅಂಕಿಗಳಲ್ಲಿ 1ರಿಂದ 24ರವರೆಗೆ ಬರೆದಿದೆ. ಅದು ಪ್ರಾಗ್ ಸುತ್ತಲಿನ ನಾಡಾದ ಬೊಹೀಮಿಯಾದ ಹಳೆಯ ಹೊತ್ತಿನ ಎಣಿಕೆ. ಆ ಎಣಿಕೆಯಲ್ಲಿ ಸೂರ್ಯ ಮುಳುಗುವ ಕ್ಷಣ 24. ಹೊಸ ದಿನ ತೊಡಗುವುದು ಸಂಜೆಯಿಂದ. ಸೂರ್ಯಾಸ್ತ ದಿನದಿನಕ್ಕೆ ಹಿಂದುಮುಂದಾಗುವುದರಿಂದ ಆ ಬಳೆಯೂ ವರ್ಷವಿಡೀ ಅದಕ್ಕೆ ಹೊಂದಿಕೊಂಡು ಸರಿಯುತ್ತಿರುತ್ತದೆ. ಇದರ ಪ್ರಯೋಜನ ನೋಡಿ: ಬಂಗಾರದ ಕೈ ತೋರಿಸುವ ಅಂಕಿಯನ್ನು 24ರಿಂದ ಕಳೆದರೆ, ಬೆಳಕು ಆರಲು ಇನ್ನೆಷ್ಟು ಹೊತ್ತಿದೆ ಎಂದು ತಿಳಿಯುತ್ತದೆ. ನೀವು ಅಲ್ಲಿ ನಿಂತಿದ್ದದ್ದು ಮಧ್ಯಾಹ್ನ ಮೂರಕ್ಕೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ನಾಲ್ಕು ದಾಟಿದೊಡನೆ ಮುಳುಗುತ್ತಾನೆ. ಹಾಗಾದರೆ ಆ ಕೈ 23ರ ಆಸುಪಾಸಿನಲ್ಲಿತ್ತು. ನಿಮ್ಮ ದಿನಕ್ಕೆ ಇನ್ನು ಒಂದೇ ಗಂಟೆ ಬಾಕಿಯಿದೆ ಎಂದು ಆ ಗಡಿಯಾರ ನಿಮ್ಮ ತಲೆಯ ಮೇಲೆಯೇ ಹೇಳುತ್ತಿತ್ತು.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವಿದೆ. ಚಳಿಗಾಲದ ಪ್ರಾಗ್‌ನಲ್ಲಿ ಡಿಸೆಂಬರ್ ಕೊನೆಯ ಹಗಲು ಸುಮಾರು ಎಂಟು ತಾಸು. 50 ಡಿಗ್ರಿ ಉತ್ತರದ ಆ ಊರಿನಲ್ಲಿ ನಡುಮಧ್ಯಾಹ್ನವೂ ಸೂರ್ಯ ಕ್ಷಿತಿಜದಿಂದ ಹದಿನಾರು ಹದಿನೇಳು ಡಿಗ್ರಿಗಿಂತ ಮೇಲೇರುವುದಿಲ್ಲ. ಬಿಸಿಲು ಬಿದ್ದರೆ ಮನುಷ್ಯನ ನೆರಳು ಅವನ ಎತ್ತರದ ಮೂರು ಪಟ್ಟಿಗಿಂತ ಉದ್ದವಾಗಿ ಕಲ್ಲುಹಾಸಿನ ಮೇಲೆ ಚಾಚಿರುತ್ತದೆ. ಅದೇ ದಿನ ಶಿವಮೊಗ್ಗದಲ್ಲಿ ಮಧ್ಯಾಹ್ನದ ನೆರಳು ಎತ್ತರಕ್ಕಿಂತ ಗಿಡ್ಡ. ನಿಮ್ಮ ಎರಡನೆಯ ಛಾಯಾಚಿತ್ರದಲ್ಲಿ ಅಂಥ ನಾಲ್ಕು ನೆರಳುಗಳಿವೆ, ಲೇಖನದಲ್ಲಿ ಒಂದೂ ಇಲ್ಲ. ಬದಲಿಗೆ ಹನ್ನೊಂದು ಸ್ಥಳಗಳಿವೆ. ಮಂಡಿನೋವಿರುವ ತಾಯಿಯನ್ನೂ ಏಳು ವರ್ಷದ ಮಗುವನ್ನೂ ಕರೆದುಕೊಂಡು ಎಂಟು ತಾಸಿನ ಬೆಳಕಿನಲ್ಲಿ ಹನ್ನೊಂದು ಸ್ಥಳಗಳನ್ನು ಯಾರೂ ನೋಡಲಾರರು. ಕೆಲವನ್ನು ನೀವು ಟ್ರಾಮಿನ ಕಿಟಕಿಯಿಂದ ಕಂಡಿರಬೇಕು, ಕೆಲವನ್ನು ಹೋಟೆಲಿನಲ್ಲಿ ಕೊಟ್ಟ ಕೈಹೊತ್ತಗೆಯಿಂದ ಎತ್ತಿಕೊಂಡಿರಬೇಕು. 1621ರಲ್ಲಿ ಚೌಕದಲ್ಲಿ ನಡೆದ 27 ಮಂದಿಯ ಮರಣದಂಡನೆ, ಸೋವಿಯತ್ ಆಕ್ರಮಣದ ವಿರುದ್ಧ 1969ರ ಜನವರಿಯಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡ ವಿದ್ಯಾರ್ಥಿ ಯಾನ್ ಪಲಾಖ್, ಕಮ್ಯುನಿಸ್ಟ್ ಆಡಳಿತವನ್ನು ಕೊನೆಗಾಣಿಸಿದ 1989ರ ನವೆಂಬರಿನ ಕ್ರಾಂತಿ, ಇವು ಮೂರೂ ಒಂದೇ ಪ್ಯಾರಾದಲ್ಲಿ ಬಂದು ಹೋಗುವುದನ್ನು ಓದುವಾಗ ನನಗೆ ಸಂಕಟವಾಯಿತು. ಇವುಗಳಲ್ಲಿ ಮೊದಲನೆಯದನ್ನು ಉಳಿಸಿಕೊಳ್ಳುವ ಹಕ್ಕು ನಿಮಗಿದೆ, ಏಕೆಂದರೆ ಆ 27 ಜನರ ನೆನಪಿಗೆ ನೆಲದಲ್ಲಿ ಕೂರಿಸಿದ ಬಿಳಿಯ ಶಿಲುಬೆಗಳನ್ನು ನಿಮ್ಮ ಮಗ ಎಣಿಸಿದ. ಉಳಿದೆರಡನ್ನು, ಅವುಗಳ ಬಗೆಗಿನ ಗೌರವದಿಂದಲೇ, ಇನ್ನೊಂದು ಲೇಖನಕ್ಕೆ ಬಿಡಿ.

ದಂತಕತೆಗಳ ವಿಷಯದಲ್ಲಿ ಎಚ್ಚರಿಕೆ ಹೇಳಬೇಕು. ಗಡಿಯಾರವನ್ನು ಮಾಡಿದ ಹನೂಷ್ ಎಂಬ ಕುಶಲಿಗ ಇನ್ನೊಂದನ್ನು ಮಾಡಬಾರದೆಂದು ನಗರದ ಹಿರಿಯರು ಅವನ ಕಣ್ಣು ಕೀಳಿಸಿದರು ಎಂಬುದನ್ನು ನೀವು ಇತಿಹಾಸವೆಂದೇ ಬರೆದಿದ್ದೀರಿ. ಬಹುಕಾಲ ಹಾಗೆಯೇ ನಂಬಲಾಗಿತ್ತು. ಆದರೆ ಗಡಿಯಾರವನ್ನು ನಿರ್ಮಿಸಿದವನು ಕಾದಾನ್‌ನ ಮಿಕುಲಾಷ್ ಎಂಬುದು 1410ರ ದಾಖಲೆಯಿಂದ ತಿಳಿದುಬಂದಿದೆ. ನಾನೂ ಒಂದು ಜನವರಿಯಲ್ಲಿ ಅಲ್ಲಿಗೆ ಹೋಗಿ ಬಂದು ಇದೇ ಕಥೆಯನ್ನು ಸತ್ಯವೆಂದು ಅಚ್ಚು ಹಾಕಿಸಿದ್ದೆ. ಓದುಗರೊಬ್ಬರು ಅಂಚೆ ಕಾರ್ಡಿನಲ್ಲಿ ತಿದ್ದಿದರು. ಆ ಕಾರ್ಡನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಕಥೆಯನ್ನು ಕೈಬಿಡಬೇಕಿಲ್ಲ, ಅದನ್ನು ಕೇಳಿ ನಿಮ್ಮ ಮಗ ರಾತ್ರಿ ಏನು ಕೇಳಿದನೋ ಅದರ ಜೊತೆಗೆ, ಕಥೆಯೆಂದೇ ಹೇಳಿ. ಹಾಗೆಯೇ ಚೌಕದ ಅಂಗಡಿಗಳಲ್ಲಿ ಸಕ್ಕರೆಯಲ್ಲಿ ಹೊರಳಿಸಿ ಮಾರುವ ಟ್ರ್ಡೆಲ್ನಿಕ್ ‘ಪ್ರಾಗ್‌ನ ಪುರಾತನ ತಿನಿಸು’ ಅಲ್ಲ. ಆ ಹೆಸರಿನ ತಿನಿಸಿಗೆ ಪ್ರಸಿದ್ಧವಾದದ್ದು ಸ್ಲೊವಾಕಿಯಾದ ಸ್ಕಾಲಿತ್ಸಾ. ಪ್ರಾಗ್‌ನ ಬೀದಿಗಳಲ್ಲಿ ಅದು ಇಷ್ಟಾಗಿ ಹಬ್ಬಿದ್ದು ಈಚೆಗೆ, ಪ್ರವಾಸಿಗರಿಗಾಗಿ. ಅದರಲ್ಲಿ ಮೊಟ್ಟೆಯಿರಬಹುದೆಂದು ಅಮ್ಮ ಮುಟ್ಟಲಿಲ್ಲ, ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಕೈಗವಸು ಕಳಚಿ ಚಪಾತಿಗೆ ಚಟ್ನಿಪುಡಿ ಹಚ್ಚಿಕೊಂಡು ತಿಂದರು ಎಂಬ ಭಾಗ ಮಾತ್ರ ಬಹಳ ಚೆನ್ನಾಗಿದೆ. ಅದರ ಒಂದಕ್ಷರವನ್ನೂ ಬದಲಿಸಬೇಡಿ.

ಪದಗಳ ಬಗೆಗೆ ಒಂದೇ ಆಕ್ಷೇಪಣೆ. ನೀವು ‘ಮಂಜು’ ಎಂಬ ಮಾತನ್ನು ಹದಿನೇಳು ಸಲ ಬಳಸಿದ್ದೀರಿ. ನಮ್ಮಲ್ಲಿ ಆ ಮಾತು ಇಬ್ಬನಿಗೂ ಸಲ್ಲುತ್ತದೆ, ಬೆಟ್ಟ ಮುಸುಕುವ ಕಾವಳಕ್ಕೂ ಸಲ್ಲುತ್ತದೆ, ಆಕಾಶದಿಂದ ಉದುರುವ ಹಿಮಕ್ಕೂ ಸಲ್ಲುತ್ತದೆ. ನಿಮ್ಮ ಓದುಗರಲ್ಲಿ ಎಷ್ಟೋ ಮಂದಿ ಹಿಮ ಬೀಳುವುದನ್ನು ಕಂಡವರಲ್ಲ. ಅಂದು ನಿಜವಾಗಿ ಏನಿತ್ತು? ‘ಹಿಮ ಹೊದ್ದ ಬೀದಿಗಳು’ ಎಂದು ಬರೆದಿದ್ದೀರಿ. ನೆರಳುಗಳಿರುವ ಆ ಒಂದನ್ನು ಬಿಟ್ಟರೆ ಉಳಿದ ಚಿತ್ರಗಳಲ್ಲಿ ಕಾಣುವುದು ಒದ್ದೆಯಾದ ಕಲ್ಲು, ಬೂದು ಬಣ್ಣದ ಆಕಾಶ, ನದಿಯ ಮೇಲೆ ತೆಳುವಾದ ಕಾವಳ. ಅಲ್ಲಿನ ಡಿಸೆಂಬರ್ ಎಷ್ಟೋ ದಿನ ಸೊನ್ನೆಯ ಆಚೆ ಈಚೆ ತೂಗುತ್ತಿರುತ್ತದೆ, ಬಿದ್ದ ಹಿಮ ನಿಲ್ಲುವುದಿಲ್ಲ. ಒದ್ದೆ ಕಲ್ಲಿನ ಮೇಲೆ ಅಮ್ಮ ಜಾರಿಯಾರೆಂದು ನಿಮ್ಮ ಯಜಮಾನರು ದಿನವಿಡೀ ಅವರ ಮೊಣಕೈ ಹಿಡಿದಿದ್ದರಲ್ಲ, ಆ ಹಿಡಿತ ಹಿಮದ ವರ್ಣನೆಗಿಂತ ಹೆಚ್ಚು ಚಳಿಯನ್ನು ಹೇಳುತ್ತದೆ.

ಈಗ ಯಹೂದಿಗಳ ಪ್ರಾರ್ಥನಾ ಮಂದಿರವಾದ ಪಿಂಕಾಸ್ ಸಿನಗಾಗ್‌ನ ಮಾತು. ಇದನ್ನು ನೀವು ಐದು ಸಾಲುಗಳಲ್ಲಿ ಮುಗಿಸಿ, ‘ಮನಸ್ಸು ಭಾರವಾಯಿತು, ಬಿಸಿ ಚಾಕೊಲೇಟ್ ಕುಡಿದು ಹಗುರಾದೆವು’ ಎಂದಿದ್ದೀರಿ. ದಯವಿಟ್ಟು ಆ ವಾಕ್ಯವನ್ನು ತೆಗೆದುಹಾಕಿ. ನಾಜಿಗಳು ಕೊಂದ ಬೊಹೀಮಿಯಾ ಮತ್ತು ಮೊರಾವಿಯಾದ ಸುಮಾರು 80,000 ಯಹೂದಿಗಳ ಹೆಸರುಗಳನ್ನು ಅಲ್ಲಿ ಗೋಡೆಗಳ ಮೇಲೆ ಕೈಯಿಂದಲೇ ಬರೆದಿದ್ದಾರೆ. 1950ರ ದಶಕದಲ್ಲಿ ಬರೆದ ಹೆಸರುಗಳು, ಕಟ್ಟಡವನ್ನು 1968ರಲ್ಲಿ ಮುಚ್ಚಿದ ಮೇಲೆ, ಗೋಡೆಗಳಿಂದ ಇಲ್ಲವಾದವು. 1989ರ ನಂತರ ಅಷ್ಟನ್ನೂ ಮತ್ತೆ ಮೊದಲಿನಿಂದ ಬರೆಯಬೇಕಾಯಿತು. ಮೇಲಿನ ಅಂತಸ್ತಿನಲ್ಲಿ ಟೆರೆಜಿನ್ ಶಿಬಿರದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಆ ಮಕ್ಕಳಿಗೆ ಚಿತ್ರ ಕಲಿಸಿದ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಸುಮಾರು 4,500 ಚಿತ್ರಗಳನ್ನು ಎರಡು ಪೆಟ್ಟಿಗೆಗಳಲ್ಲಿ ಉಳಿಸಿಹೋದರು. 1944ರಲ್ಲಿ ಅವರನ್ನು ಆಶ್‌ವಿಟ್ಜ್‌ನಲ್ಲಿ ಕೊಲ್ಲಲಾಯಿತು. ಜರ್ಮನ್ ಶಾಲೆಯಲ್ಲಿ ಈಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತ ನಿಮ್ಮ ಮಗ ಗೋಡೆಯ ಹೆಸರುಗಳನ್ನು ಗಟ್ಟಿಯಾಗಿ ಓದತೊಡಗಿದ, ನೀವು ತಡೆಯಹೋದಿರಿ, ‘ಓದಲಿ ಬಿಡು’ ಎಂದು ನಿಮ್ಮ ತಾಯಿ ಹೇಳಿದರು. ಇಷ್ಟೇ ಸಾಕು. ಇದಾದ ಮೇಲೆ ನಿಮ್ಮ ಮನಸ್ಸಿನ ಭಾರವನ್ನು ಹೇಳಬೇಕಿಲ್ಲ, ನಮ್ಮ ನಾಡಿನ ಯಾವ ದುಃಖದೊಂದಿಗೂ ಹೋಲಿಸಬೇಕಿಲ್ಲ. ಅವನು ಎಷ್ಟು ಹೆಸರು ಓದಿದ, ಯಾವುದರಲ್ಲಿ ತೊದಲಿದ, ಹೊರಗೆ ಬಂದ ಮೇಲೆ ಎಷ್ಟು ಹೊತ್ತು ಯಾರೂ ಮಾತಾಡಲಿಲ್ಲ, ಇವು ನೆನಪಿದ್ದರೆ ಬರೆಯಿರಿ. ನೆನಪಿಲ್ಲದಿದ್ದರೆ ಕಟ್ಟಿ ಬರೆಯಬೇಡಿ.

ಪ್ರಾಗ್‌ಗೂ ನಮಗೂ ನಂಟು ಕಟ್ಟಲು ನೀವು ಹಂಪಿಯನ್ನು ಮೂರು ಕಡೆ ಕರೆತಂದಿದ್ದೀರಿ. ಎರಡೂ ಕಲ್ಲಿನ ಊರುಗಳು ಎಂಬುದನ್ನು ಬಿಟ್ಟರೆ ಆ ಹೋಲಿಕೆ ಏನನ್ನೂ ಕೊಡುವುದಿಲ್ಲ. ನಿಜವಾದ ನಂಟು ಬೇಕೆಂದಾದರೆ ಒಂದಿದೆ: 1348ರಲ್ಲಿ ಸ್ಥಾಪನೆಯಾದ ಅಲ್ಲಿನ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ ಕಲಿತು ಕಲಿಸಿದ ಕಮಿಲ್ ಜ್ವೆಲೆಬಿಲ್ ತಮಿಳಿನ ದೊಡ್ಡ ವಿದ್ವಾಂಸರು, ದ್ರಾವಿಡ ಭಾಷೆಗಳ ತೌಲನಿಕ ಅಧ್ಯಯನ ಮಾಡಿದವರು, ನಮ್ಮ ಗಡಿಗೆ ತಾಗಿದ ನೀಲಗಿರಿಯ ಇರುಳ ಬುಡಕಟ್ಟಿನ ನುಡಿಯನ್ನು ಕುರಿತು ಬರೆದವರು. 1968ರಲ್ಲಿ ಸೋವಿಯತ್ ಸೇನೆ ನುಗ್ಗಿದ ಮೇಲೆ ಅವರು ದೇಶ ಬಿಟ್ಟರು. ಇದು ಈ ಲೇಖನಕ್ಕೆ ಬೇಕೇ ಬೇಕೆಂದು ನಾನು ಹೇಳುತ್ತಿಲ್ಲ. ನೀವು ಮತ್ತೆ ಆ ಊರಿಗೆ ಹೋಗುವಾಗ ತಿಳಿದಿರಲಿ ಎಂಬ ಆಸೆಯಿಂದ ಬರೆದೆ.

ಸಂತ ವೀಟಸ್ ಪ್ರಧಾನ ಚರ್ಚಿನ ಭಾಗವನ್ನು ಅರ್ಧಕ್ಕೆ ಇಳಿಸಬಹುದು. 1344ರಲ್ಲಿ ತೊಡಗಿದ ಕಟ್ಟಡ 1929ರಲ್ಲಿ ಪೂರ್ಣಗೊಂಡಿತು ಎಂದು ಕೇಳಿ ‘ಅಷ್ಟು ಹೊತ್ತು ಏನು ಮಾಡುತ್ತಿದ್ದರು’ ಎಂದ ಮಗನಿಗೆ ನೀವು ಕೊಟ್ಟ ಉತ್ತರ, ಅಂದರೆ ಹುಸ್ಸೈಟ್ ಯುದ್ಧಗಳೆಂಬ ಹದಿನೈದನೆಯ ಶತಮಾನದ ಧಾರ್ಮಿಕ ಕದನಗಳಿಂದ ಕೆಲಸ ನಿಂತು ಶತಮಾನಗಳ ಕಾಲ ಹಾಗೇ ಉಳಿಯಿತೆಂಬುದು, ಸರಿಯಾಗಿದೆ. ಆ ಉತ್ತರ ಉಳಿಯಲಿ, ಕಮಾನುಗಳ ಅಳತೆಗಳು ಹೋಗಲಿ.

ಕೊನೆಗೆ ಸೇತುವೆ. ಗಡಿಯಾರದ ಬಳಿಯಿಂದ ಹೊರಟು ಆ ಉಳಿದ ಒಂದು ಗಂಟೆಯಲ್ಲಿ ನೀವು ನಾಲ್ವರೂ ಚಾರ್ಲ್ಸ್ ಸೇತುವೆಗೆ ಬಂದಿರಿ. ಅದರ ಕಟ್ಟಡ 1357ರಲ್ಲಿ ಆರಂಭವಾಯಿತು, ಮೇಲೆ 30 ಪ್ರತಿಮೆಗಳಿವೆ ಎಂದೆಲ್ಲ ಬರೆದಿದ್ದೀರಿ, ಇವೆಲ್ಲ ಸರಿ. 1683ರಲ್ಲಿ ನಿಲ್ಲಿಸಿದ ನೆಪೋಮುಕ್‌ನ ಸಂತ ಯಾನ್‌ನ ಪ್ರತಿಮೆಯ ಕೆಳಗೆ, 1393ರಲ್ಲಿ ಅವನನ್ನು ನದಿಗೆ ಎಸೆದ ದೃಶ್ಯವಿರುವ ಕಂಚಿನ ಫಲಕವನ್ನು ಜನ ಮುಟ್ಟಿ ಮುಟ್ಟಿ ಅಲ್ಲಿ ಮಾತ್ರ ಬಂಗಾರದಂತೆ ಹೊಳೆಯುತ್ತದೆ. ಮುಂದೆ ನಿಂತವರೆಲ್ಲ ಮುಟ್ಟುವುದನ್ನು ನೋಡಿ ಅಮ್ಮನೂ ಕೈಗವಸು ಕಳಚಿದರು, ಮುಟ್ಟಿ ಕಣ್ಣಿಗೆ ಒತ್ತಿಕೊಂಡರು, ಅಷ್ಟರಲ್ಲಿ ದೀಪಗಳು ಹತ್ತಿದವು ಎಂದು ನೀವು ಬರೆದ ಮೇಲೆ ಇನ್ನೂ ಎರಡು ಪುಟಗಳಿವೆ. ಅವು ಬೇಡ. ಆದರೆ ಆ ಜಾಗಕ್ಕೆ ಒಂದು ಸಣ್ಣ ಸಂಗತಿ ಬೇಕು, ಅದು ನಿಮ್ಮಲ್ಲಿಲ್ಲ, ಅವರಲ್ಲಿದೆ. ಅವರು ಊರಿಗೆ ಹೊರಡುವ ಮೊದಲು ಒಮ್ಮೆ ಕೇಳಿ ನೋಡಿ: ಆ ಚಳಿಯಲ್ಲಿ ಅಷ್ಟು ಜನ ಮುಟ್ಟಿಹೋದ ಆ ಕಂಚು ಕೈಗೆ ತಣ್ಣಗಿತ್ತೇ, ಬೆಚ್ಚಗಿತ್ತೇ?

ಅವರಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ. ಮಗುವಿಗೆ ಆಶೀರ್ವಾದಗಳು.

ಇತಿ ನಿಮ್ಮ ಹಿತೈಷಿ